ಮಿಡಿಮಾವಿಗೆ ಉಪ್ಪು ಹಾಕಿದ ವರ್ಷ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ನಶ್ಯದ್ದೂ ಅಲ್ಲ. ಯಾವ ಮರದ ಕೆಳಗೆ ನಿಂತರೂ ಕೈಗೆ ಸಿಕ್ಕಿದ ಎಲೆಯೊಂದನ್ನು ಕಿತ್ತು, ತುದಿ ಕಚ್ಚಿ, ನಾಲ್ಕು ಸಲ ಜಗಿದು ಉಗಿಯುತ್ತೇನೆ. ಮದುವೆ ಚಪ್ಪರದ ತೋರಣವನ್ನೂ ಬಿಟ್ಟವಳಲ್ಲ. ಹೋದ ತಿಂಗಳು ಹಾನುಬಾಳಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಂಗಡಿ ಪಕ್ಕದ ಹೊಂಗೆಯ ಎಲೆ ಕಚ್ಚಿದೆ. ಹೊಂಗೆ ಎಲೆ ವಿಷದಷ್ಟು ಕಹಿ, ಅದು ಗೊತ್ತಿದ್ದೂ ಕಚ್ಚಿದೆ. ಅಂಗಡಿಯವನು ನನ್ನ ಮುಖ ನೋಡಿ, ಜೊತೆಗಿದ್ದ ಮೊಮ್ಮಗಳನ್ನು ಕೇಳಿದ: "ಯಾಕವ್ವ, ಅಜ್ಜಿಗೆ ಮನೇಲಿ ಸರಿಯಾಗಿ ಊಟ ಹಾಕಕಿಲ್ವ?"

ಅವಳಿಗೆ ನಾಚಿಕೆಯಾಯಿತಂತೆ. ಬಸ್ಸಿನಲ್ಲಿ ಊರು ಬರುವ ತನಕ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದ ಮೇಲೆ, "ಆ ಕತೆನ ಬರ್ದಿಡಜ್ಜಿ. ಕೇಳ್ದೋರಿಗೆಲ್ಲ ಹೇಳಿ ಹೇಳಿ ನಂಗೆ ಸಾಕಾಗ್ಬುಟ್ಟೈತೆ" ಅಂದಳು. ನಾನು ಅಕ್ಷರ ಕಲಿತದ್ದು ಅವಳ ಸ್ಲೇಟಿನಲ್ಲೇ, ಕೂದಲು ನೆರೆತ ಮೇಲೆ. ಒತ್ತಕ್ಷರಗಳು ಈಗಲೂ ನನ್ನ ಮಾತು ಕೇಳುವುದಿಲ್ಲ. ತಪ್ಪಿದ ಕಡೆ ಅವಳೇ ತಿದ್ದಿದ್ದಾಳೆ. ಅಷ್ಟಾದರೂ ತಪ್ಪು ಕಂಡರೆ ಅವಳನ್ನೇ ಬಯ್ಯಿರಿ.

ಪ್ಲೇಗು ಬರುವುದಕ್ಕೆ ಬಹಳ ಮುಂಚಿನ ಮಾತು. ಆಗ ಉಪ್ಪು ನಮಗೆ ಘಟ್ಟದ ಕೆಳಗಿನಿಂದ ಎತ್ತಿನ ಬೆನ್ನ ಮೇಲೆ ಬರುತ್ತಿತ್ತು. ಮಳೆ ಹಿಡಿದರೆ ದಾರಿ ಮುಚ್ಚಿತು. ದೀಪಾವಳಿ ಕಳೆದು ಕೆಸರು ಒಣಗಿದ ಮೇಲೇ ಮತ್ತೆ ಎತ್ತಿನ ಗಂಟೆ ಕೇಳಿಸುವುದು. ನಮ್ಮ ಮನೆಯಲ್ಲಿ ಉಪ್ಪು ತುಂಬಿಡಲು ಒಂದು ಮರಿಗೆ ಇತ್ತು, ಹಲಸಿನ ದಿಮ್ಮಿಯನ್ನು ತೊಟ್ಟಿಯ ಹಾಗೆ ಕೊರೆದದ್ದು. ಎರಡು ಕೂಸುಗಳನ್ನು ಮಲಗಿಸುವಷ್ಟು ಉದ್ದ. ಖಾಲಿ ಇದ್ದಾಗ ನನ್ನ ಎರಡನೆಯ ಮಗನನ್ನು ಅದರಲ್ಲಿ ಮಲಗಿಸಿದ್ದೂ ಉಂಟು. ಅವನಿಗೀಗ ಅರ್ಧ ತಲೆ ಬೆಳ್ಳಗಾಗಿದೆ, ಇವತ್ತಿಗೂ ಯಾರ ಮನೆಯಲ್ಲಿ ಉಂಡರೂ ಸಾರಿಗೆ ಉಪ್ಪು ಸಾಲದು ಅನ್ನುತ್ತಾನೆ. ಮಳೆಗಾಲದಲ್ಲಿ ಆ ಮರಿಗೆ ಬೆವರುತ್ತಿತ್ತು. ಕೆಳಗೊಂದು ಮಡಕೆ ಇಟ್ಟು, ತೊಟ್ಟಿಕ್ಕಿದ ಉಪ್ಪುನೀರನ್ನು ಸಾರಿಗೆ ಹಾಕುತ್ತಿದ್ದೆವು. ಒಂದು ಹರಳು ನೆಲಕ್ಕೆ ಬಿದ್ದರೂ ನಮ್ಮತ್ತೆ ದ್ಯಾವಮ್ಮನವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು.

ಅತ್ತೆಗೆ ಮೂವರು ಮಕ್ಕಳು. ಅವರು ನಾಲ್ಕನೆಯದಾಗಿ ಸಾಕಿದ್ದು ಹಿತ್ತಲಿನ ಮಿಡಿಮಾವಿನ ಮರ. ಹಳ್ಳದ ದಂಡೆಯಲ್ಲಿದ್ದ ಯಾವುದೋ ಕಾಡುಮಾವಿನ ವಾಟೆ ತಂದು ಹಾಕಿದ್ದಂತೆ. ಆ ಮರದ ಮಿಡಿ ಹೆಬ್ಬೆರಳಿಗಿಂತ ಚಿಕ್ಕದು. ತೊಟ್ಟು ಮುರಿದರೆ ಸೊನೆ ಚಿಮ್ಮಿ ಅಡುಗೆಮನೆಯೆಲ್ಲ ಜೀರಿಗೆ ಹುರಿದ ಹಾಗೆ ವಾಸನೆ. ಉಪ್ಪಿನಲ್ಲಿ ಹಾಕಿಟ್ಟರೆ ಮೂರು ವರ್ಷಕ್ಕೂ ಕಟುಂ ಅನ್ನುತ್ತಿತ್ತು. ಸುತ್ತಲ ಊರಿನಲ್ಲಿ ಯಾರ ಮನೆಯಲ್ಲಿ ಬಸುರಿ ಇದ್ದರೂ ಒಂದು ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬರುವರು. ಅತ್ತೆ ಎಣಿಸಿ ಐದು ಮಿಡಿ ಕೊಡುವರು. ಆರನೆಯದು ಯಾರಿಗೂ ಇಲ್ಲ. ಗೌಡರ ಮನೆಯ ಸೊಸೆಗೂ ಐದೇ, ಎಸ್ಟೇಟಿನ ಲೈನಿನಲ್ಲಿದ್ದ ಆಳಿನ ಹೆಣ್ಣಿಗೂ ಐದೇ. ಅವರ ದೊಡ್ಡಸ್ತಿಕೆ ಇದ್ದದ್ದು ಅಲ್ಲೇ.

ನಾನು ಮದುವೆಯಾಗಿ ಬಂದ ಎರಡನೆಯ ವರ್ಷ ಹೂವಿನ ಮೇಲೆ ಇಬ್ಬನಿ ಕೂತು ಒಂದು ಮಿಡಿಯೂ ನಿಲ್ಲಲಿಲ್ಲ. ಜಾಡಿಯಲ್ಲಿದ್ದ ಹಳೆಯದೂ ತಳಕ್ಕೆ ಬಂತು. ಬಟ್ಟಲು ಹಿಡಿದು ಬಂದವರಿಗೆ ಅತ್ತೆ ಐದರ ಬದಲು ಎರಡು ಕೊಟ್ಟು, ಆಮೇಲೆ ಊಟಕ್ಕೆ ಕೂತರೂ ಮಾತಾಡುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಮಗಳ ಬಾಣಂತನಕ್ಕೆಂದು ಆಲೂರಿಗೆ ಗಾಡಿ ಹತ್ತಿದರು. ಹತ್ತುವಾಗ ನನಗೆ ಹೇಳಿದ್ದು ಒಂದೇ ಮಾತು: "ಮರ ನೋಡ್ಕಳೆ." ಅವರ ಮಗನೂ ಪಕ್ಕದಲ್ಲೇ ನಿಂತಿದ್ದರು. ಅವರನ್ನು ನೋಡಿಕೊಳ್ಳಲು ಹೇಳಲಿಲ್ಲ.

ಈಗ ಕತ್ರೀನಮ್ಮನ ವಿಷಯಕ್ಕೆ ಬರುತ್ತೇನೆ. ಅವಳ ಗಂಡ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಂಗಳೂರು ಕಡೆಯ ಕಿರಿಸ್ತಾನರು. ಸ್ಟೋರಿನ ಪಕ್ಕದಲ್ಲಿ ಅವರಿಗೊಂದು ಮನೆ, ಮನೆಯ ಮುಂದೆ ಅವಳೇ ಊರಿನಿಂದ ಸಸಿ ತರಿಸಿ ನೆಟ್ಟ ಮೂರು ತೆಂಗು. ನಮ್ಮ ಕಡೆಯ ತೆಂಗು ಆಗ ಹೆಸರಿಗೆ ಮಾತ್ರ ತೆಂಗು, ಚಳಿಗೆ ಮುದುಡಿ ನಿಂತಿರುತ್ತಿದ್ದವು. ಅವಳ ಮರದಲ್ಲಿ ಮಾತ್ರ ಕಾಯಿ ಗೊನೆಗೊನೆಯಾಗಿ ನೇತಾಡುತ್ತಿತ್ತು. ಮೊಸರು ಕೊಡಲು ಹೋದವಳು ಕೇಳಿದೆ, "ಅದೇನ್ ಹಾಕ್ತೀಯ ಕತ್ರೀನಮ್ಮ ಬುಡಕ್ಕೆ?"

"ಉಪ್ಪು ಮಾರಾಯ್ತಿ. ಮಳೆ ಹಿಡಿಯುವಾಗ ಮರಕ್ಕೊಂದು ಸೇರು. ನಮ್ಮ ಊರಲ್ಲಿ ಎಲ್ಲರೂ ಹಾಕುವುದೇ. ಉಪ್ಪಿಲ್ಲದಿದ್ದರೆ ತೆಂಗಿಗೆ ಎಂತ ಉಂಟು ರುಚಿ?"

ಅವಳು ಹೇಳಿದ್ದು ನಾಲ್ಕು ವಿಷಯ: ತೆಂಗು, ಮಳೆಗಾಲ, ಒಂದು ಸೇರು, ಉಪ್ಪು. ದಾರಿಯಲ್ಲಿ ಮೂರನ್ನು ಚೆಲ್ಲಿ ನಾನು ಮನೆಗೆ ತಂದದ್ದು ಉಪ್ಪನ್ನು ಮಾತ್ರ.

ಇದರಲ್ಲಿ ನನಗೆ ಕ್ಷಮೆ ಇಲ್ಲ, ಯಾಕೆಂದರೆ ನಾನು ಪಾಳ್ಯದ ಕಡೆಯವಳು. ನಮ್ಮೂರ ಕೆರೆಯ ಕೆಳಗೆ ಒಂದು ತುಂಡು ಚೌಳು ನೆಲವಿತ್ತು. ಬೇಸಿಗೆ ಬಂದರೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗುವುದು. ಆ ಮಣ್ಣನ್ನು ಬಟ್ಟೆ ಒಗೆಯಲು ಬಳಿದುಕೊಂಡು ಹೋಗುತ್ತಿದ್ದರು. ಅಲ್ಲಿ ಜಾಲಿ ಮತ್ತು ಹೊಂಗೆ ಬಿಟ್ಟು ಮತ್ತೇನೂ ಏಳುತ್ತಿರಲಿಲ್ಲ. ನಮ್ಮಪ್ಪ ಹಟ ಹಿಡಿದು ಒಂದು ಕಂಚಿ ಗಿಡ ನೆಟ್ಟ. ಎರಡು ತಿಂಗಳಿಗೆ ಅದರ ಎಲೆಯ ಅಂಚೆಲ್ಲ ಕೆಂಡಕ್ಕೆ ಹಿಡಿದ ಹಾಗೆ ಸುಟ್ಟು ಉದುರಿ, ಕಡ್ಡಿ ಉಳಿಯಿತು. ಪಕ್ಕದಲ್ಲೇ ಹೊಂಗೆ ಹಸುರಾಗಿ ನಿಂತಿತ್ತು. ಇದನ್ನೆಲ್ಲ ಕಣ್ಣಿನಿಂದ ನೋಡಿ ಬೆಳೆದವಳು ನಾನು. ನೋಡಿದ್ದು ಕಣ್ಣಿನಲ್ಲೇ ಉಳಿಯಿತು, ತಲೆಗೆ ಏರಲಿಲ್ಲ.

ಹೊಸ ಉಪ್ಪು ಬಂದು ಮರಿಗೆ ತುಂಬಿತ್ತು. ಅತ್ತೆ ಬರುವಷ್ಟರಲ್ಲಿ ಮರ ಹೂವಿನಲ್ಲಿ ಮುಳುಗಿರಬೇಕು, ಅವರು ಬಾಯಿ ಮೇಲೆ ಕೈ ಇಟ್ಟುಕೊಳ್ಳಬೇಕು ಎಂದು ನನ್ನ ಆಸೆ. ತೆಂಗಿಗೆ ಒಂದು ಸೇರಾದರೆ ಮಾವಿಗೆ ಎಷ್ಟು? ಮಾವಿನ ಮರ ಅಗಲ. ಮೊದಲ ದಿನ ಒಂದು ಮೊರ ಹಾಕಿ ಮಣ್ಣು ಮುಚ್ಚಿದೆ. ಮರ ಏನೂ ಅನ್ನಲಿಲ್ಲ. ಮರುದಿನ ಇನ್ನೊಂದು ಮೊರ. ಹೀಗೆ ಹತ್ತು ದಿನ. ಆಮೇಲೆ ಅಟ್ಟದಲ್ಲಿದ್ದ ಖಾಲಿ ಮಿಡಿ ಜಾಡಿಗಳ ತಳದ ಹಳೆಯ ಉಪ್ಪುನೀರನ್ನೂ ಯಾಕೆ ಬಿಡಬೇಕೆಂದು ಇಳಿಸಿ ತಂದು, ಪಡುವಣ ಮಗ್ಗುಲಿಗೆ ಹೊಯ್ದೆ. ಅದರ ಮಿಡಿಯ ರಸ ಅದಕ್ಕೇ ಸೇರಲಿ ಎಂದು ಬೇರೆ ಅಂದುಕೊಂಡೆ. ಅದು ಮಳೆ ನಿಂತ ಕಾಲ. ಮುಂದಿನ ಆರು ತಿಂಗಳು ಆ ಉಪ್ಪನ್ನು ತೊಳೆಯುವುದಕ್ಕೆ ಆಕಾಶದಿಂದ ಹನಿ ಬೀಳುವುದಿಲ್ಲ ಎಂದು ಹೊಳೆಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಎಲೆಯ ತುದಿ ಕಂದಿತು. ಹಳೆಯ ಎಲೆಗಳದ್ದು ಮೊದಲು. ತುದಿಯಿಂದ ಅಂಚಿಗೆ, ಅಂಚಿನಿಂದ ಒಳಕ್ಕೆ, ಥೇಟು ಅಪ್ಪನ ಕಂಚಿ ಗಿಡದ ಹಾಗೆ. ಹೂವಿನ ಕಡ್ಡಿ ಬೆರಳುದ್ದ ಬಂದು ಅಲ್ಲೇ ಒಣಗಿತು. ಎಲೆ ಉದುರತೊಡಗಿತು. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟು.

ಅತ್ತೆ ಬಂದವರು ಗಾಡಿಯಿಂದ ಇಳಿದು ನೇರ ಹಿತ್ತಲಿಗೆ ಹೋದರು. ಬಹಳ ಹೊತ್ತು ಮೇಲೆ ನೋಡಿದರು. ಒಳಗೆ ಬಂದು ಕಾಲು ತೊಳೆದು, ಮರಿಗೆಯ ಮುಚ್ಚಳ ತೆಗೆದರು.

"ಉಪ್ಪೆಲ್ಲಿ ಹೋಯ್ತೆ?"

"ಬೆವರಿ ಹೋಯ್ತು ಅತ್ತೆ" ಅಂದೆ.

ಹೊರಗೆ ಬಿಸಿಲಿಗೆ ನೆಲ ಬಿರಿಯುತ್ತಿತ್ತು. ಅಂಥ ದಿನ ಬೆವರುವ ಉಪ್ಪು ಯಾವುದು? ಅವರು ನನ್ನನ್ನೊಮ್ಮೆ ನೋಡಿ ಮರಿಗೆಯ ಮುಚ್ಚಳ ಮುಚ್ಚಿದರು. ಅದಕ್ಕಿಂತ ಎರಡು ಏಟು ವಾಸಿಯಾಗಿತ್ತು.

ನನ್ನನ್ನು ಹಿಡಿದುಕೊಟ್ಟದ್ದು ಕೆಂದಿ, ನಮ್ಮ ಕೆಂಪು ಹಸು. ಮರುದಿನ ಕೊಟ್ಟಿಗೆಯಿಂದ ಬಿಟ್ಟ ಕೂಡಲೇ ಹುಲ್ಲಿನ ಮೆದೆಯನ್ನು ದಾಟಿ ಮಾವಿನ ಮರದ ಕೆಳಗೆ ಹೋಗಿ, ಉದುರಿದ ಒಣ ಎಲೆಗಳನ್ನು ಹಬ್ಬದೂಟದ ಹಾಗೆ ಮೆಲ್ಲತೊಡಗಿತು. ಎಲೆ ಮುಗಿಸಿ ಮುಂಗಾಲು ಊರಿ ಬುಡದ ಮಣ್ಣು ನೆಕ್ಕಿತು. ಅತ್ತೆ ಜಗಲಿಯಿಂದ ನೋಡುತ್ತಿದ್ದವರು ಎದ್ದು ಬಂದರು. ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟುಕೊಂಡರು. ಉಗಿದರು. ಹಳದಿಯಾದ ಒಂದು ಎಲೆ ಎತ್ತಿ ಜಗಿದರು. ಅದನ್ನೂ ಉಗಿದರು. ಆಮೇಲೆ ನನ್ನನ್ನು ಕರೆದರು.

"ಬಾ ಇಲ್ಲಿ. ಬಾಯಿ ತೆಗಿ."

ತೆಗೆದೆ. ಎಲೆ ತುರುಕಿದರು.

"ಏನ್ ರುಚಿ?"

"ಮಾವಿನೆಲೆ ರುಚಿ."

"ಸರಿಯಾಗ್ ಜಗಿ."

ಜಗಿದೆ. ಒಗರಿನ ಹಿಂದೆ ಅದು ಇತ್ತು. "ಉಪ್ಪು" ಅಂದೆ.

"ಮರಿಗೇಲಿ ಬೆವರಿದ್ದು ಇಲ್ಲಿಗ್ ಬಂದು ಕೂತೈತೆ. ಅಲ್ವೇನೆ?"

ಎಲ್ಲ ಹೇಳಿಬಿಟ್ಟೆ. ಅತ್ತೆ ಬಯ್ಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈ ಹಿಡಿದುಕೊಂಡೇ ಸ್ಟೋರಿನ ತನಕ ನಡೆದರು. ಕತ್ರೀನಮ್ಮ ಅಕ್ಕಿ ಆರಿಸುತ್ತಿದ್ದಳು.

"ಏನಮ್ಮ ತಾಯಿ, ನಮ್ ಹುಡ್ಗಿಗೆ ಮರಕ್ಕೆ ಉಪ್ಪು ಹಾಕು ಅಂದ್ಯಂತೆ."

"ತೆಂಗಿಗೆ ಹೇಳಿದ್ದು ನಾನು. ಇವಳು ಎಂತದಕ್ಕೆ ಹಾಕಿದಳು?"

"ಮಾವಿಗೆ."

ಕತ್ರೀನಮ್ಮನ ಕೈಯ ಮೊರ ನಿಂತಿತು. "ಮಾವಿಗಾ? ಎಷ್ಟು?"

"ಹತ್ತು ಮೊರ" ಅಂದೆ ನಾನು.

"ಯೇಸುವೇ" ಅಂದಳು ಅವಳು. ನಮ್ಮತ್ತೆ ತಮ್ಮ ದೇವರ ಹೆಸರು ಹೇಳಿದರು. ಇಬ್ಬರ ದೇವರೂ ಬಂದು ನಿಂತ ಮೇಲೆ ನನಗೆ ಅಳು ಬಂತು. ಯಾರೂ ಗಮನಿಸಲಿಲ್ಲ.

ಆದರೆ ದಾರಿ ತೋರಿಸಿದ್ದು ಅವಳೇ. ಅವಳ ತವರು ಹೊಳೆಯ ಬಾಯಿಯ ಹತ್ತಿರ. ಕೆಲವು ವರ್ಷ ಸಮುದ್ರದ ನೀರು ಹಿತ್ತಲಿಗೆ ನುಗ್ಗುತ್ತದಂತೆ. ಹಾಗಾದಾಗ ಮೇಲುಮಣ್ಣು ಕೆರೆದು ತೆಗೆದು, ತಗ್ಗಿನ ಕಡೆಗೆ ಕಾಲುವೆ ತೋಡಿ, ಸಿಹಿನೀರು ಹಾಯಿಸಿ ಹಾಯಿಸಿ ಬಿಡುತ್ತಾರಂತೆ. "ಚೊಂಬಿನಲ್ಲಿ ಚಿಮುಕಿಸಿದರೆ ಆಗುವುದಿಲ್ಲ ಮಾರಾಯ್ತಿ, ಉಪ್ಪು ಅಲ್ಲೇ ಕೂತುಕೊಳ್ತದೆ. ಹೊಯ್ದರೆ ಒಂದೇ ಸಲಕ್ಕೆ ಹರಿಯುವಷ್ಟು ಹೊಯ್ಯಬೇಕು. ಉದುರಿದ ಎಲೆಯನ್ನು ಬುಡದಲ್ಲಿ ಬಿಡಬೇಡಿ. ಮರ ಹೊರಗೆ ಹಾಕಿದ್ದನ್ನು ಮತ್ತೆ ಉಣ್ಣಿಸಿದ ಹಾಗೆ."

ಮನೆಗೆ ಬಂದು ಅತ್ತೆ ತೀರ್ಮಾನ ಹೇಳಿದರು. ನೀರು ಹೊರುವವಳು ನಾನು. ದಿನಾ ಒಂದು ಎಲೆ ಜಗಿದು ರುಚಿ ಹೇಳುವವಳೂ ನಾನೇ. "ಮರ ಉಪ್ಪು ಬಿಡೋಗಂಟ ನಿಂಗೂ ಉಪ್ಪಿಲ್ಲ. ಎಲೆ ಸಪ್ಪೆ ಆದ ದಿನ ನಿನ್ ಎಲೆಗೆ ಬಡಿಸ್ತೀನಿ."

"ಮರ ಸತ್ತೋದ್ರೆ?"

"ಸತ್ತೋದ್ರೆ ನಿಂಗೆ ಜನ್ಮಕ್ಕಿಲ್ಲ."

ನನ್ನ ವಯಸ್ಸು ಆಗ ಹದಿನೇಳೋ ಹದಿನೆಂಟೋ. ಜನ್ಮ ಬಹಳ ಉದ್ದ ಕಂಡಿತು.

ನೀವು ಉಪ್ಪಿಲ್ಲದೆ ಎಷ್ಟು ದಿನ ಉಂಡಿದ್ದೀರೋ ನನಗೆ ಗೊತ್ತಿಲ್ಲ. ಮೊದಲ ದಿನ ಹಟದಿಂದ ಇಳಿಯುತ್ತದೆ. ಮೂರನೆಯ ದಿನ ರಾಗಿ ಮುದ್ದೆ ಬರೀ ಮಣ್ಣು. ಹತ್ತನೆಯ ದಿನ ಮಲಗಿದರೆ ಕನಸಿನಲ್ಲಿ ಒಣಮೀನು ಬರುತ್ತದೆ. ಅತ್ತೆ ನನ್ನೆದುರಿಗೇ ಕೂತು, ಹುರಿದ ಮೆಣಸಿನಕಾಯಿಗೆ ಉಪ್ಪು ಸವರಿ ಲೊಟ್ಟೆ ಹೊಡೆಯುತ್ತ ಉಣ್ಣುವರು. ಅವರಿಗೆ ಕನಿಕರ ಇತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯುಗಾದಿಯ ದಿನ ಮಾತ್ರ "ಇದ್ಕೆ ಉಪ್ಪು ಬ್ಯಾಡ, ತಿನ್ನು" ಅಂತ ಮೂರು ಹೋಳಿಗೆ ಹಾಕಿದರು.

ನಮ್ಮ ಯಜಮಾನರು ಒಂದು ಸಲ ಸಾಹಸ ಮಾಡಿದರು. ಎಸ್ಟೇಟಿನ ಸ್ಟೋರಿನಿಂದ ಒಂದು ಹಿಡಿ ಉಪ್ಪನ್ನು ಎಲೆಯಲ್ಲಿ ಕಟ್ಟಿಸಿ, ತಾಯಿಯ ಕಣ್ಣಿಗೆ ಬೀಳದಂತೆ ರುಮಾಲಿನೊಳಗೆ ಸುತ್ತಿಕೊಂಡು ಬಿಸಿಲಿನಲ್ಲಿ ದಿಣ್ಣೆ ಹತ್ತಿ ಬಂದರು. ಬೆವರಿಗೆ ಉಪ್ಪೆಲ್ಲ ಕರಗಿ ಹಣೆಯಿಂದ ಕಣ್ಣಿಗೆ ಇಳಿದು, ಅಂಗಳಕ್ಕೆ ಬರುವಾಗ ಎರಡು ಕಣ್ಣೂ ಕೆಂಪಗೆ ನೀರು ಸುರಿಸುತ್ತಿದ್ದವು.

"ಯಾಕ್ಲಾ ಅಳ್ತೀಯ?" ಅಂದರು ಅತ್ತೆ.

"ದೂಳವ್ವ" ಅಂದರು ಇವರು.

ಅಮ್ಮ ಮಗನ ರುಮಾಲು ಬಿಚ್ಚಿ ನೋಡಲಿಲ್ಲ. ನನಗೂ ನೆಕ್ಕಲು ಒಂದು ಹರಳು ಸಿಗಲಿಲ್ಲ. ಉಪ್ಪಾದ ಗಂಡನ ಹಣೆಯೇನೋ ಇತ್ತು, ಆದರೆ ಹಗಲು ಹೊತ್ತು, ಅತ್ತೆ ಎದುರಿಗೆ.

ಹಳ್ಳದಿಂದ ಹಿತ್ತಲಿಗೆ ಏರುದಾರಿ. ಬೆಳಿಗ್ಗೆಯಿಂದ ಹೊತ್ತು ಮಧ್ಯಾಹ್ನದವರೆಗೆ ಕಡಾಯಿಗಳಲ್ಲಿ ತುಂಬಿಡುವುದು, ಆಮೇಲೆ ಒಂದೇ ಸಲಕ್ಕೆ ಹೊಯ್ಯುವುದು. ಮೇಲುಮಣ್ಣನ್ನು ಮೊದಲೇ ಕೆರೆದು ಬುಟ್ಟಿಯಲ್ಲಿ ಹೊತ್ತು ದೂರ ಚೆಲ್ಲಿದ್ದೆ. ಉದುರಿದ ಎಲೆ ಸಾಗಿಸುವ ಕೆಲಸ ಕೆಂದಿ ವಹಿಸಿಕೊಂಡಿತ್ತು. ಕೊನೆಯಲ್ಲಿ ನನ್ನ ಎಲೆ. ನಿಜ ಹೇಳುತ್ತೇನೆ, ಮೊದಲ ವಾರ ಶಿಕ್ಷೆಯೆಂದು ಜಗಿದೆ. ಆಮೇಲೆ ಆಸೆಯಿಂದ ಜಗಿದೆ. ಮನೆಯಲ್ಲಿ ಇಲ್ಲದ ಉಪ್ಪು ಆ ಎಲೆಯಲ್ಲಿತ್ತು. ಒಂದು ಜಗಿಯಲು ಹೇಳಿದರೆ ಕದ್ದು ನಾಲ್ಕು ಜಗಿಯುತ್ತಿದ್ದೆ. ಉಗಿಯುತ್ತಲೂ ಇರಲಿಲ್ಲ. ನಾನು, ಕೆಂದಿ, ಇಬ್ಬರೂ ಒಂದೇ ಮರದ ಕೆಳಗೆ ಮೆಲುಕು ಹಾಕುತ್ತಿದ್ದೆವು.

ಹಾಗೆ ಜಗಿಯುತ್ತ ಒಂದು ಸಂಗತಿ ತಿಳಿಯಿತು. ಎಲ್ಲ ಎಲೆ ಒಂದೇ ಅಲ್ಲ. ಕೊಂಬೆಯ ಬುಡದ ಮುದಿ ಎಲೆಯಲ್ಲಿ ಉಪ್ಪು ಜಾಸ್ತಿ. ತುದಿಯ ಎಳೆ ಎಲೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಎಲೆಯಲ್ಲೂ ಸುಟ್ಟ ಅಂಚಿನಲ್ಲಿ ಹೆಚ್ಚು, ದಂಟಿನ ಹತ್ತಿರ ಕಮ್ಮಿ. ಮರ ಬೇಡದ್ದನ್ನೆಲ್ಲ ಹಳೆಯ ಎಲೆಗಳ ಅಂಚಿಗೆ ಒಯ್ದು ಕೂಡಿಟ್ಟು, ಎಲೆಯ ಸಮೇತ ಎಸೆಯುತ್ತಿತ್ತು. ಕತ್ರೀನಮ್ಮನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಇದು ಪಾಪದ ಮರ, ಅಷ್ಟೇ ಗೊತ್ತು ಇದಕ್ಕೆ. ನಮ್ಮ ಹೊಳೆ ಬಾಯಿಯಲ್ಲಿ ಕಾಂಡ್ಲ ಅಂತ ಉಂಟು, ಉಪ್ಪುನೀರಲ್ಲೇ ನಿಲ್ಲುವುದು. ಕೆಲವು ಜಾತಿ ಬೇರಲ್ಲೇ ಉಪ್ಪನ್ನು ತಡೆದು ನೀರು ಮಾತ್ರ ಒಳಗೆ ಬಿಡ್ತವೆ. ಇನ್ನು ಕೆಲವು ಕುಡಿದು ಎಲೆಯಲ್ಲಿ ಬೆವರುತ್ತವೆ. ಬಿಸಿಲಿಗೆ ಎಲೆ ಮೇಲೆ ಬಿಳಿ ಹುಡಿ ಕಾಣ್ತದೆ, ನೆಕ್ಕಬಹುದು."

"ಮರ ಬೆವರ್ತದಾ?"

"ನಿನ್ನ ಮರಿಗೆ ಬೆವರಲಿಲ್ವಾ?" ಅಂದಳು. ಆ ಮಾತು ಊರೆಲ್ಲ ಹಬ್ಬಿತ್ತು.

ಸುಳ್ಳು ಹೇಳಲು ಮನಸ್ಸಾಗಲಿಲ್ಲವೇ ಎಂದು ಮೊಮ್ಮಗಳು ಕೇಳುತ್ತಾಳೆ. ದಿನಾ ಆಗುತ್ತಿತ್ತು. ಅತ್ತೆ ಮೊದಲ ದಿನದ ಮೇಲೆ ಒಂದು ಎಲೆಯನ್ನೂ ಬಾಯಿಗಿಟ್ಟವರಲ್ಲ. "ಏನಂತೆ?" ಎಂದು ಒಳಗಿನಿಂದ ಕೇಳುವರು, "ಉಪ್ಪು" ಎಂದು ನಾನು ಹೊರಗಿನಿಂದ ಕೂಗುವೆ. ಸಪ್ಪೆ ಎಂದು ಒಂದು ಮಾತು ಕೂಗಿದ್ದರೆ ಅವತ್ತೇ ಸಾರಿಗೆ ರುಚಿ ಬರುತ್ತಿತ್ತು. ಆದರೆ ಸಪ್ಪೆಯೆಂದ ಮೇಲೆ ನೀರು ಹೊರುವುದು ನಿಲ್ಲುತ್ತದೆ, ನಿಂತರೆ ಮರ ಹೋಗುತ್ತದೆ, ಹೋದರೆ ಗೊತ್ತಾಗುತ್ತದೆ. ನನ್ನ ಸತ್ಯದ ಲೆಕ್ಕಾಚಾರ ಅಷ್ಟೇ. ಅದೂ ಅಲ್ಲದೆ ಕೆಂದಿ ಎಲ್ಲರೆದುರಿಗೆ ಎಲೆ ಮೆಲ್ಲುತ್ತ ನಿಂತಿರುತ್ತಿತ್ತು. ಅದರ ಬಾಯಿ ಕಟ್ಟಲು ಆಗುತ್ತದೆಯೇ?

ವೈಶಾಖದ ಹೊತ್ತಿಗೆ ಮರದಲ್ಲಿ ಎಣಿಸುವಷ್ಟು ಎಲೆ ಉಳಿದಿದ್ದವು. ಉಪ್ಪುನೀರು ಹೊಯ್ದ ಪಡುವಣ ಮಗ್ಗುಲಿನ ದೊಡ್ಡ ಕೊಂಬೆ ಸತ್ತಿತು. ತೊಗಟೆ ಚಿವುಟಿದರೆ ಕಂದು. ಮೂಡಣ ಕೊಂಬೆ ಚಿವುಟಿದರೆ ಇನ್ನೂ ಹಸುರು. ಮಾವನವರು ಕೊಡಲಿ ಮಸೆದು, "ಸೌದೆಗಾದ್ರೂ ಆಯ್ತದೆ" ಅಂದರು. ಅತ್ತೆ, "ಮಳೆ ಬೀಳೋಗಂಟ ಮುಟ್ಟಂಗಿಲ್ಲ" ಅಂದರು. ಆಮೇಲೆ ಆಗಾಗ ಆಕಾಶ ನೋಡುತ್ತಿದ್ದದ್ದು ನಾವಿಬ್ಬರೇ, ಅತ್ತೆ ಜಗಲಿಯಿಂದ, ನಾನು ಹಳ್ಳದ ದಾರಿಯಿಂದ.

ಮುಂಗಾರು ಹಿಡಿಯಿತು. ನಾನು ಮೂರು ತಿಂಗಳು ಹೊತ್ತ ನೀರನ್ನು ಅದು ಮೊದಲ ದಿನವೇ ಸುರಿದು ಮುಗಿಸಿತು. ಸ್ವಲ್ಪ ಅವಮಾನವೇ ಆಯಿತೆನ್ನಿ. ಬುಡದಿಂದ ತೋಡಿದ್ದ ಕಾಲುವೆ ಕೆಂಪಗೆ ಹರಿದು ಕೆಳಗಿನ ಸೌತೆ ಪಾತಿಗೆ ನುಗ್ಗಿ, ಸೌತೆ ಬಳ್ಳಿ ಒಂದೂ ಬದುಕಲಿಲ್ಲ. ಅದರಾಚೆ, ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಒಂದು ತೆಂಗಿನ ಸಸಿ ಇತ್ತು. ನಮ್ಮೂರ ತೆಂಗಿನ ಹಾಗೆ ಮುದುಡಿಕೊಂಡೇ ಇದ್ದದ್ದು, ಆ ವರ್ಷ ಮೂರು ಗರಿ ಬಿಟ್ಟಿತು. ಅದರ ಕಾಯಿಯನ್ನೇ ಇವತ್ತಿಗೂ ಚಟ್ನಿಗೆ ಒಡೆಯುವುದು. ಮಿಡಿಮಾವಿನ ಸತ್ತ ಮಗ್ಗುಲನ್ನು ಕಡಿದರು, ಉಳಿದ ಮಗ್ಗುಲು ಮೂರನೆಯ ವರ್ಷ ಹೂಬಿಟ್ಟಿತು. ಒಂದೇ ಕಡೆ ವಾಲಿದ ಮರ, ದಾರಿಯಲ್ಲಿ ಹೋಗುವವರಿಗೆ ಈಗಲೂ ಗುರುತು ಹೇಳಲು ಆಗುತ್ತದೆ.

ಇನ್ನು ಅದೇ ವರ್ಷ ನನಗೆ ಮತ್ತೆ ಉಪ್ಪು ಸಿಕ್ಕ ದಿನ. ಶ್ರಾವಣದಲ್ಲಿ ಮಳೆ ಒಂದು ಬೆಳಿಗ್ಗೆ ಹೊಳವು ಕೊಟ್ಟಿತ್ತು. ಮೂಡಣ ಕೊಂಬೆಯ ತಾಮ್ರದ ಬಣ್ಣದ ಚಿಗುರು ಬಲಿತು ಹಸುರಾಗಿತ್ತು. ಕೆಂದಿ ಮರದ ಕೆಳಗೆ ಬಂದು, ಬಿದ್ದಿದ್ದ ಒಂದು ಎಲೆಯನ್ನು ಮೂಸಿ, ಒಮ್ಮೆ ಸೀನಿ, ಹುಲ್ಲಿನ ಕಡೆಗೆ ಹೋಯಿತು. ನಾನು ಎಲೆ ಕಿತ್ತು ಜಗಿದೆ. ಒಗರು, ಚೂರು ಹುಳಿ. ಮತ್ತೊಂದು ಕಿತ್ತೆ, ಮುದಿ ಎಲೆ, ಅಂಚನ್ನೇ ಕಚ್ಚಿದೆ. ಒಗರು, ಹುಳಿ. ಮತ್ತೇನೂ ಇಲ್ಲ.

"ಏನಂತೆ?" ಒಳಗಿನಿಂದ ಅತ್ತೆ ಕೇಳಿದರು.

"ಸಪ್ಪೆ" ಅಂದೆ.

ಅತ್ತೆ ಹೊರಗೆ ಬಂದು ಎಲೆ ಜಗಿದು ನೋಡಲಿಲ್ಲ. ಮಧ್ಯಾಹ್ನ ಬಾಳೆ ಎಲೆ ಹಾಕಿ, ಬೇರೆ ಯಾವುದನ್ನೂ ಬಡಿಸುವ ಮೊದಲು ಎಲೆಯ ತುದಿಗೆ ಒಂದು ಚಿಟಿಕೆ ಹರಳುಪ್ಪು ಇಟ್ಟರು. ಅನ್ನ, ಸಾರು ಆಮೇಲೆ ಬಂತು. ನಾನು ಉಪ್ಪನ್ನಷ್ಟೂ ಬಳಿದು ಅನ್ನದ ಒಂದು ಮೂಲೆಗೆ ಎಳೆದು, ಕಲೆಸಿ ತುತ್ತು ಬಾಯಿಗಿಟ್ಟೆ. ಅಷ್ಟು ದಿನ ಕನಸಿನಲ್ಲಿ ಕಂಡದ್ದು ಅದೇ. ನಾಲಿಗೆ ಉರಿದು ಕಣ್ಣಿನಲ್ಲಿ ನೀರು ಬಂತು. ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಅತ್ತೆ ಸಾರಿನ ಸೌಟು ಹಿಡಿದು ನೋಡುತ್ತ ನಿಂತಿದ್ದರು. "ಏನಾಯ್ತೆ?"

"ಜಾಸ್ತಿ ಆಯ್ತು ಅತ್ತೆ."

"ಅದ್ಕೂ ಹಂಗೇ ಆಗಿದ್ದು ಕಣೆ" ಅಂದು, ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದರು.

ಉಪ್ಪಾದ ಅನ್ನವನ್ನು ಎಲೆಯ ಅಂಚಿಗೆ ತಳ್ಳಿ ಉಳಿದದ್ದನ್ನು ಉಂಡೆ.